ಹೆಲ್ತ್ ಫೌಂಡೇಶನ್ನಿನ ಡೈರೆಕ್ಟರ್ ಆಗ್ತೀರಾ? ಸಹಿ ಹಾಕೋ ಮುಂಚೆ ಒಂದಿಷ್ಟು ಮಾತು

ಶನಿವಾರ ಸಂಜೆ ಇಂಥ ಒಣ ವಿಷಯ ಕೇಳೋಕೆ ಕೂತಿದ್ದೀರಿ, ಅದಕ್ಕೆ ಮೊದಲು ಥ್ಯಾಂಕ್ಸ್. ಪುಣೆ, ಹೈದರಾಬಾದ್, ಚೆನ್ನೈ, ನೋಯ್ಡಾ, ಎಲ್ಲ ಕಡೆಯಿಂದ ಇದ್ದೀರಿ ಅಂತ ಚಾಟ್‌ನಲ್ಲಿ ಕಾಣ್ತಿದೆ.

ನಿಮ್ಮಲ್ಲಿ ಕೆಲವರಿಗಾದರೂ ಇಂಥದೊಂದು ವಾಟ್ಸಾಪ್ ಮೆಸೇಜ್ ಬಂದಿರುತ್ತೆ: "ನಾವೊಂದು ಹೆಲ್ತ್ ಫೌಂಡೇಶನ್ ಮಾಡ್ತಾ ಇದ್ದೀವಿ, ಡೈರೆಕ್ಟರ್ ಅಂತ ನಿಮ್ಮ ಹೆಸರು ಹಾಕ್ತೀವಿ. ಆಧಾರ್, ಪ್ಯಾನ್, ಒಂದು ಫೋಟೋ ಕಳಿಸಿ. ನೀವೇನೂ ಮಾಡೋದು ಬೇಡ, ಬರೇ ಒಂದು ಸಹಿ." ಕನ್ನಡ ಸಂಘದ ಹಿರಿಯರೋ, ಊರಿನ ಡಾಕ್ಟರೋ, ಕಾಲೇಜಿನ ಗೆಳೆಯರೋ ಕೇಳಿರ್ತಾರೆ. ಐಟಿಯವರನ್ನೇ ಯಾಕೆ ಕೇಳ್ತಾರೆ ಅಂತ ಹೇಳಬೇಕಾಗಿಲ್ಲ. ನಮ್ಮ ಸಂಬಳ ಬ್ಯಾಂಕಿಗೆ ಬರುತ್ತೆ, ರಿಟರ್ನ್ಸ್ ಕ್ಲೀನ್ ಇರುತ್ತೆ, ನಮ್ಮ ಕಂಪನಿಗೆ ಸಿಎಸ್‌ಆರ್ ಬಜೆಟ್ ಇರುತ್ತೆ. ಕೇಳೋರ ಉದ್ದೇಶ ಬಹಳಷ್ಟು ಸಲ ಒಳ್ಳೇದೇ. ಆದರೆ ಆ "ನೀವೇನೂ ಮಾಡೋದು ಬೇಡ" ಅನ್ನೋ ಮಾತಿದೆಯಲ್ಲ, ಇವತ್ತು ನಾನು ಮಾತಾಡೋದು ಅದರ ಬಗ್ಗೆ.

ನಾನು ನಾಲ್ಕು ವರ್ಷದಿಂದ ಪುಣೆಯ ಒಂದು ಪುಟ್ಟ ಹೆಲ್ತ್ ಫೌಂಡೇಶನ್ನಿನ ಬೋರ್ಡಿನಲ್ಲಿದ್ದೇನೆ. ಹೆಸರು ಹೇಳಲ್ಲ, ಯಾಕಂದ್ರೆ ಒಂದು ಮೀಟಿಂಗಿನ ಒಳಗಿನ ಮಾತನ್ನು ಇವತ್ತು ಹೇಳೋದಿದೆ. ಹಗಲು ನನ್ನ ಕೆಲಸ ನಿಮ್ಮದೇ ಥರ: ರಿಲೀಸು, ಕಾಲು, ಟಿಕೆಟ್ಟು.

ಇದು ಯಾರ ಸ್ವತ್ತು?

ಮೊದಲು ಒಂದು ಬೇಸಿಕ್ ವಿಷಯ. 'ಫೌಂಡೇಶನ್' ಅನ್ನೋದು ಹೆಸರು ಅಷ್ಟೇ. ಕಾನೂನಿನ ಕಣ್ಣಲ್ಲಿ ಅದರ ಹಿಂದೆ ಸಾಮಾನ್ಯವಾಗಿ ಮೂರರಲ್ಲಿ ಒಂದು ರೂಪ ಇರುತ್ತೆ. ಪಬ್ಲಿಕ್ ಟ್ರಸ್ಟ್ ಇರಬಹುದು, ಅದು ಮಹಾರಾಷ್ಟ್ರದಲ್ಲಾದರೆ 1950ರ ಪಬ್ಲಿಕ್ ಟ್ರಸ್ಟ್ಸ್ ಕಾಯ್ದೆಯ ಕೆಳಗೆ ಚ್ಯಾರಿಟಿ ಕಮಿಷನರ್ ಹತ್ತಿರ ನೋಂದಣಿ ಆಗಿರುತ್ತೆ. ಸೊಸೈಟಿ ಇರಬಹುದು. ಇಲ್ಲಾ 2013ರ ಕಂಪನಿ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಮಾಡಿದ ಕಂಪನಿ ಇರಬಹುದು. ಟ್ರಸ್ಟ್ ಆದರೆ ನೀವು ಟ್ರಸ್ಟಿ, ಸೆಕ್ಷನ್ 8 ಕಂಪನಿ ಆದರೆ ಡೈರೆಕ್ಟರ್. ಹೆಸರು ಬೇರೆ, ಹೊರೆ ಸುಮಾರು ಒಂದೇ.

ಈಗ ಒಂದು ಪ್ರಶ್ನೆ. ನಿಮ್ಮ ಕಂಪನಿ ಯಾರದ್ದು? ಶೇರುದಾರರದ್ದು. ಲಾಭ ಬಿದ್ದರೆ ಶೇರು ಬೀಳುತ್ತೆ, ಅವರು ಕೂಗ್ತಾರೆ. ಫೌಂಡೇಶನ್ ಯಾರದ್ದು? ಕಟ್ಟಿದವರದ್ದಲ್ಲ. ದುಡ್ಡು ಕೊಟ್ಟವರದ್ದಲ್ಲ, ಅವರು ಕೊಟ್ಟು ಕೈಬಿಟ್ಟಿದ್ದಾರೆ. ಸೆಕ್ಷನ್ 8 ಕಂಪನಿಯಲ್ಲಿ ಯಾರಿಗೂ ಡಿವಿಡೆಂಡ್ ಕೊಡೋ ಹಾಗಿಲ್ಲ, ಉಳಿದ ದುಡ್ಡೆಲ್ಲ ಅದೇ ಉದ್ದೇಶಕ್ಕೆ ಹೋಗಬೇಕು. ಅಂದ್ರೆ ಅದು ಇರೋದು ರೋಗಿಗಾಗಿ. ಆದರೆ ಆ ರೋಗಿ ಎಜಿಎಮ್ಮಿಗೆ ಬಂದು ಬ್ಯಾಲೆನ್ಸ್ ಶೀಟ್ ಕೇಳಲ್ಲ. ಅವನಿಗೆ ಬೋರ್ಡ್ ಅಂತ ಒಂದಿದೆ ಅನ್ನೋದೇ ಗೊತ್ತಿರಲ್ಲ.

ಹಾಗಾಗಿ ಅವನ ಪರವಾಗಿ ಕೇಳೋಕೆ ಆ ಕೋಣೆಯಲ್ಲಿ ಇರೋರು ಡೈರೆಕ್ಟರುಗಳು ಮಾತ್ರ. ಅವರೂ ಸುಮ್ಮನಿದ್ದರೆ ಕೇಳೋರೇ ಇಲ್ಲ. ಕೇಳೋರಿಲ್ಲದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಆರೋಗ್ಯ ಕ್ಷೇತ್ರದಲ್ಲಿ ಒಂದು ದೊಡ್ಡ ಉದಾಹರಣೆ ಇದೆ. ಅಮೆರಿಕದ್ದು. ಆದರೆ ಪುಣೆಯವರಿಗೆ ಅದರಲ್ಲೊಂದು ನಂಟಿದೆ.

ಪಿಟ್ಸ್‌ಬರ್ಗಿನ ಫೌಂಡೇಶನ್

ಆನಂದೀಬಾಯಿ ಜೋಶಿ ಹೆಸರು ನಿಮಗೆಲ್ಲ ಗೊತ್ತು. ಅವರು 1886ರಲ್ಲಿ ಡಾಕ್ಟರ್ ಆಗಿದ್ದು ಫಿಲಡೆಲ್ಫಿಯಾದ ವುಮನ್ಸ್ ಮೆಡಿಕಲ್ ಕಾಲೇಜಿನಲ್ಲಿ. ಹೆಣ್ಣುಮಕ್ಕಳಿಗಾಗಿಯೇ ಇದ್ದ ಆ ಕಾಲೇಜು ಮುಂದೆ ಮೆಡಿಕಲ್ ಕಾಲೇಜ್ ಆಫ್ ಪೆನ್ಸಿಲ್ವೇನಿಯಾ ಅಂತಾಯಿತು. 1980ರ ದಶಕದ ಕೊನೆಗೆ ಅದನ್ನು ಪಿಟ್ಸ್‌ಬರ್ಗಿನ ಒಂದು ಸಂಸ್ಥೆ ತನ್ನೊಳಗೆ ಸೇರಿಸಿಕೊಂಡಿತು. ಅದರ ಹೆಸರು ಅಲೆಘನಿ ಹೆಲ್ತ್, ಎಜುಕೇಶನ್ ಅಂಡ್ ರಿಸರ್ಚ್ ಫೌಂಡೇಶನ್. ಲಾಭಕ್ಕಾಗಿ ಅಲ್ಲದ ಸಂಸ್ಥೆ. ಪಿಟ್ಸ್‌ಬರ್ಗಿನ ಅಲೆಘನಿ ಜನರಲ್ ಆಸ್ಪತ್ರೆಯ ಮಾತೃಸಂಸ್ಥೆ. ಆಸ್ಪತ್ರೆಗೆ ಒಳ್ಳೆ ಹೆಸರಿತ್ತು, ಕೈಯಲ್ಲಿ ದುಡ್ಡೂ ಇತ್ತು.

1986ರಲ್ಲಿ ಶರೀಫ್ ಅಬ್ದೆಲ್‌ಹಾಕ್ ಅನ್ನೋರು ಅದರ ಮುಖ್ಯಸ್ಥರಾದರು. ದೊಡ್ಡ ಕನಸಿನ ಮನುಷ್ಯ. ಫಿಲಡೆಲ್ಫಿಯಾದಲ್ಲಿ ಒಂದರ ಹಿಂದೆ ಒಂದು ಆಸ್ಪತ್ರೆ ಸೇರಿಸುತ್ತಾ ಹೋದರು. 1993ರಲ್ಲಿ ಹಾನೆಮನ್ ವಿಶ್ವವಿದ್ಯಾಲಯ ಬಂತು. ನೂರಾರು ಡಾಕ್ಟರುಗಳ ಖಾಸಗಿ ಪ್ರಾಕ್ಟೀಸ್‌ಗಳನ್ನೇ ಕೊಂಡು, ಅವರನ್ನು ಸಂಬಳದ ಮೇಲೆ ಇಟ್ಟುಕೊಂಡರು. ಹತ್ತಕ್ಕೂ ಹೆಚ್ಚು ಆಸ್ಪತ್ರೆ, ಒಂದು ದೊಡ್ಡ ಮೆಡಿಕಲ್ ವಿಶ್ವವಿದ್ಯಾಲಯ. ಇದರಲ್ಲಿ ಬಹುಪಾಲು ಸಾಲದ ಮೇಲೆ ನಿಂತಿತ್ತು. ಸೇರಿಸಿಕೊಂಡ ಆಸ್ಪತ್ರೆಗಳಲ್ಲಿ ಹಲವು ಮೊದಲೇ ನಷ್ಟದಲ್ಲಿದ್ದವು. ಜೊತೆಗೆ ವಿಮೆ ಕಂಪನಿಗಳೂ ಸರ್ಕಾರದ ಮೆಡಿಕೇರೂ ಆಸ್ಪತ್ರೆಗೆ ಕೊಡೋ ದುಡ್ಡನ್ನು ಬಿಗಿ ಮಾಡ್ತಿದ್ದ ಕಾಲ ಅದು.

1998ರ ಜುಲೈ 21ರಂದು ಫೌಂಡೇಶನ್ ದಿವಾಳಿ ಅರ್ಜಿ ಹಾಕಿತು. ಸಾಲ 130 ಕೋಟಿ ಡಾಲರ್. ದುಡ್ಡು ಬರಬೇಕಾದವರು ಸುಮಾರು 65,000. ಅಲ್ಲಿಯವರೆಗೆ ಲಾಭೇತರ ಆರೋಗ್ಯ ಸಂಸ್ಥೆಗಳಲ್ಲಿ ಆ ದೇಶ ಅಷ್ಟು ದೊಡ್ಡ ಕುಸಿತ ಕಂಡಿರಲಿಲ್ಲ. ಫಿಲಡೆಲ್ಫಿಯಾದ ಆಸ್ಪತ್ರೆಗಳನ್ನು ಟೆನೆಟ್ ಅನ್ನೋ ಲಾಭದ ಕಂಪನಿ ಕೊಂಡಿತು. ಆನಂದೀಬಾಯಿಯವರ ಕಾಲೇಜು ಕೊನೆಗೆ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಪಾಲಾಯಿತು.

ಇಷ್ಟಾಗೋವರೆಗೆ ಬೋರ್ಡ್ ಎಲ್ಲಿತ್ತು? ಇತ್ತು, ಭರ್ಜರಿಯಾಗೇ ಇತ್ತು. ಮಾತೃಸಂಸ್ಥೆಯ ಬೋರ್ಡಿನಲ್ಲಿ ಮೂವತ್ತರ ಆಸುಪಾಸು ಜನ. ಬ್ಯಾಂಕಿನವರು, ದೊಡ್ಡ ಕಂಪನಿಯವರು, ಊರಿನ ಗಣ್ಯರು. ಅದರ ಕೆಳಗೆ ಬೇರೆ ಬೇರೆ ಆಸ್ಪತ್ರೆ, ಬೇರೆ ಬೇರೆ ಘಟಕಕ್ಕೆ ಇನ್ನೂ ಹಲವು ಬೋರ್ಡುಗಳು. ಒಂದು ಬೋರ್ಡಿನಲ್ಲಿ ಇದ್ದವರು ಇನ್ನೊಂದರಲ್ಲಿ ಇರ್ತಿದ್ದದ್ದು ಕಡಿಮೆ. ಒಬ್ಬರಿಗೆ ಆನೆಯ ಕಾಲು ಗೊತ್ತು, ಇನ್ನೊಬ್ಬರಿಗೆ ಸೊಂಡಿಲು ಗೊತ್ತು. ಇಡೀ ಆನೆ ಗೊತ್ತಿದ್ದದ್ದು ಮೇಲಿನ ಮೂರು ನಾಲ್ಕು ಅಧಿಕಾರಿಗಳಿಗೆ ಮಾತ್ರ.

ಮೈಕ್ರೋಸರ್ವಿಸ್ ಮಾಡಿದವರಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ. ಪ್ರತಿ ಟೀಮಿನ ಡ್ಯಾಶ್‌ಬೋರ್ಡೂ ಹಸಿರು, ಆದರೆ ಗ್ರಾಹಕರಿಗೆ ಪೇಮೆಂಟ್ ಆಗ್ತಿಲ್ಲ. ಯಾಕಂದ್ರೆ ಒಟ್ಟಾರೆ ನೋಡೋಕೆ ಅಂತ ಯಾರನ್ನೂ ಇಟ್ಟಿಲ್ಲ.

ದುಡ್ಡಿನ ಬಣ್ಣ

ಈ ಕೇಸಿನಲ್ಲಿ ನಾನು ಎರಡು ವಿಷಯ ಮಾತ್ರ ಎತ್ತಿಕೊಳ್ತೀನಿ.

ಮೊದಲನೆಯದು ದತ್ತಿ ನಿಧಿ. ನೂರಿನ್ನೂರು ವರ್ಷದ ಆಸ್ಪತ್ರೆ, ಕಾಲೇಜು ಅಂದಮೇಲೆ ಅವಕ್ಕೆ ಜನ ಕೊಟ್ಟ ನಿಧಿಗಳಿರ್ತವೆ. ಇದು ಇಂಥ ಸಂಶೋಧನೆಗೆ, ಇದು ಬಡ ವಿದ್ಯಾರ್ಥಿಗೆ, ಇದು ಈ ಕಾಯಿಲೆಗೆ ಅಂತ ಬರೆದು ಕೊಟ್ಟಿರ್ತಾರೆ. ಕೈಯಲ್ಲಿ ದುಡ್ಡು ಖಾಲಿ ಆಗ್ತಾ ಬಂದ ಹಾಗೆ ಇಂಥ ನಿಧಿಗಳ ದುಡ್ಡೂ ದಿನದ ಖರ್ಚಿಗೆ ಹೋಯಿತು. ಅದು 5 ಕೋಟಿ ಡಾಲರಿಗೂ ಹೆಚ್ಚು ಅಂತ ಪೆನ್ಸಿಲ್ವೇನಿಯಾ ಸರ್ಕಾರ ಆರೋಪ ಹೊರಿಸಿತು. 2002ರಲ್ಲಿ ಅಬ್ದೆಲ್‌ಹಾಕ್ ದತ್ತಿ ಹಣದ ದುರ್ಬಳಕೆಯ ಒಂದು ಆರೋಪಕ್ಕೆ 'ವಿರೋಧ ಮಾಡಲ್ಲ' ಅಂತ ಕೋರ್ಟಿಗೆ ಹೇಳಿದರು, ಅವರಿಗೆ ಸಜೆ ಆಯಿತು. ಅದಕ್ಕೂ ಮೊದಲೇ, 2000ದಲ್ಲಿ, ಅಮೆರಿಕದ ಎಸ್‌ಇಸಿ ಈ ಫೌಂಡೇಶನ್ನಿನ ಲೆಕ್ಕಪತ್ರದಲ್ಲಿ ಆದಾಯವನ್ನು ಹೆಚ್ಚು ಮಾಡಿ ತೋರಿಸಲಾಗಿತ್ತು ಅಂತ ಕ್ರಮ ಕೈಗೊಂಡಿತ್ತು.

ಎರಡನೆಯದು ಸಂಬಂಧ. ಮುಳುಗೋಕೆ ಕೆಲವೇ ತಿಂಗಳ ಮುಂಚೆ, ಬ್ಯಾಂಕುಗಳ ಒಂದು ಗುಂಪಿಗೆ ಫೌಂಡೇಶನ್ 8.9 ಕೋಟಿ ಡಾಲರ್ ಸಾಲ ತೀರಿಸಿಬಿಟ್ಟಿತು. ಆ ಗುಂಪಿನಲ್ಲಿ ಪಿಟ್ಸ್‌ಬರ್ಗಿನ ಮೆಲನ್ ಬ್ಯಾಂಕ್ ಇತ್ತು. ಫೌಂಡೇಶನ್ನಿನ ಬೋರ್ಡಿನಲ್ಲಿದ್ದ ಕೆಲವರು ಮೆಲನ್ ಬ್ಯಾಂಕಿಗೂ ಸೇರಿದವರು. ಯಾರು ಯಾರಿಗೆ ಏನು ಹೇಳಿದರು ಅನ್ನೋದು ಹಾಗಿರಲಿ. ಎರಡು ಕುರ್ಚಿಯಲ್ಲಿ ಕೂತವರ ಬಗ್ಗೆ ಜನ ಕೇಳೋ ಪ್ರಶ್ನೆ ಒಂದೇ: ಆ ದಿನ ನೀವು ಯಾವ ಕುರ್ಚಿಯಲ್ಲಿ ಕೂತು ಯೋಚನೆ ಮಾಡಿದ್ರಿ? ಅದಕ್ಕೆ ಉತ್ತರ ಕೊಡೋಕಾಗಬೇಕು ಅಂದ್ರೆ ಮೊದಲೇ ಬಾಯಿಬಿಟ್ಟು ಹೇಳಿರಬೇಕು, ಮಿನಿಟ್ಸ್‌ನಲ್ಲಿ ಬರೆಸಿರಬೇಕು, ಆ ವಿಷಯ ಚರ್ಚೆಗೆ ಬಂದಾಗ ಎದ್ದು ಹೊರಗೆ ಹೋಗಿರಬೇಕು.

ನಮ್ಮದು ಎಷ್ಟು ಸಣ್ಣದು, ಇದೆಲ್ಲ ನಮಗೆ ಯಾಕೆ ಅಂತ ಅನ್ನಿಸಬಹುದು. ಹಾಗಾದ್ರೆ ನಮ್ಮ ಕಥೆ ಕೇಳಿ.

ಹನ್ನೆರಡು ಲಕ್ಷದ ಕಥೆ

ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯಿಂದ ಪುಣೆಗೆ ಕಟ್ಟಡದ ಕೆಲಸಕ್ಕೆ ಬಂದಿರೋ ಕುಟುಂಬಗಳು ಎಷ್ಟಿವೆ ಅಂತ ನಿಮಗೆ ಗೊತ್ತು. ನಿಮ್ಮ ಸೊಸೈಟಿ ಕಟ್ಟುವಾಗ ಪಕ್ಕದ ತಗಡಿನ ಶೆಡ್ಡಿನಲ್ಲಿ ಕನ್ನಡ ಕೇಳಿಸಿರುತ್ತೆ. ನಮ್ಮ ಫೌಂಡೇಶನ್ ಕೆಲಸ ಮಾಡೋದು ಅವರ ಜೊತೆ. ಕಟ್ಟಿದವರು ಒಬ್ಬ ರಿಟೈರ್ಡ್ ಡಾಕ್ಟರ್, ಧಾರವಾಡದ ಕಡೆಯವರು. ನಾವೆಲ್ಲ 'ಡಾಕ್ಟ್ರ' ಅಂತಲೇ ಕರೆಯೋದು. ಬೋರ್ಡಿನಲ್ಲಿ ಐದು ಜನ.

ಒಂದು ವರ್ಷ ಒಂದು ಕಂಪನಿ ಸಿಎಸ್‌ಆರ್ ದುಡ್ಡು ಕೊಟ್ಟಿತು, 12 ಲಕ್ಷ. ಡಯಾಲಿಸಿಸ್‌ಗೆ ಅಂತಲೇ ಬರೆದುಕೊಟ್ಟಿದ್ದು. ಲೆಕ್ಕ ಸರಳ: ಒಂದು ಸಲಕ್ಕೆ 1,400 ರೂಪಾಯಿ, ವಾರಕ್ಕೆ ಎರಡು ಸಲ, 8 ಜನ. ತಿಂಗಳಿಗೆ ಸುಮಾರು 97,000. ವರ್ಷಕ್ಕೆ 12 ಲಕ್ಷದ ಒಳಗೆ ಕೂರುತ್ತೆ.

ಆಗಸ್ಟ್ ಕೊನೆಗೆ ಆ ಲೆಕ್ಕದಲ್ಲಿ 7 ಲಕ್ಷ ಚಿಲ್ಲರೆ ಉಳಿದಿತ್ತು. ಆಗ ಲೇಬರ್ ಕ್ಯಾಂಪಿನ ಹತ್ತಿರಾನೇ ಒಂದು ಜಾಗ ಬಾಡಿಗೆಗೆ ಸಿಕ್ಕಿತು. ಕ್ಲಿನಿಕ್ಕಿಗೆ ಹೇಳಿ ಮಾಡಿಸಿದ ಹಾಗಿತ್ತು. ಡೆಪಾಸಿಟ್ 5 ಲಕ್ಷ, ಒಂದು ವಾರದಲ್ಲಿ ಕೊಡಬೇಕು. ಕ್ಲಿನಿಕ್ಕಿಗೆ ಅಂತ ಇನ್ನೊಬ್ಬ ದಾನಿ 6 ಲಕ್ಷ ಕೊಡ್ತೀನಿ ಅಂದಿದ್ದರು, ದೀಪಾವಳಿ ಒಳಗೆ. ಡಾಕ್ಟ್ರು ಹೇಳಿದರು, ಡಯಾಲಿಸಿಸ್ ದುಡ್ಡಿನಿಂದ 5 ಲಕ್ಷ ತೆಗೆದು ಡೆಪಾಸಿಟ್ ಕೊಡೋಣ, ಆ ದುಡ್ಡು ಬಂದ ಕೂಡ್ಲೇ ವಾಪಸ್ ಹಾಕೋಣ. ಎರಡು ತಿಂಗಳ ಮಾತು.

ಯಾರೂ ಒಂದು ರೂಪಾಯಿ ಮನೆಗೆ ಒಯ್ಯೋ ಮಾತು ಇದರಲ್ಲಿಲ್ಲ. ಎರಡೂ ರೋಗಿಗಳಿಗೇ. ಕ್ಲಿನಿಕ್ ಆದರೆ ಎಂಟು ಜನಕ್ಕಲ್ಲ, ನೂರಾರು ಜನಕ್ಕೆ ಉಪಯೋಗ. ಹೀಗಿರೋವಾಗ ಬೇಡ ಅನ್ನೋದು ಕಷ್ಟ.

ಅವತ್ತು ವಿಡಿಯೋ ಕಾಲಿನಲ್ಲಿ ನಾಲ್ಕು ಜನ ಇದ್ವಿ. ನಾನು ಸ್ಕ್ರೀನ್ ಶೇರ್ ಮಾಡಿ ಎಕ್ಸೆಲ್ ತೋರಿಸಿದೆ. 5 ಲಕ್ಷ ತೆಗೆದರೆ ಉಳಿಯೋದು 2 ಲಕ್ಷ ಚಿಲ್ಲರೆ. ಅದು ನವೆಂಬರ್ ಮೊದಲ ವಾರಕ್ಕೆ ಮುಗಿಯುತ್ತೆ. ದಾನಿಯ ದುಡ್ಡು ಒಂದು ತಿಂಗಳು ತಡ ಆದರೂ ಎಂಟು ಜನಕ್ಕೆ ವಾರಕ್ಕೆರಡು ಸಲ ಮಷೀನಿಗೆ ಹೋಗೋಕೆ ನಮ್ಮ ಹತ್ತಿರ ದುಡ್ಡಿರಲ್ಲ. ಡಯಾಲಿಸಿಸ್ ಅನ್ನೋದು ಮುಂದಿನ ತಿಂಗಳು ಮಾಡಿಸ್ಕೊಳ್ಳಿ ಅಂತ ಹೇಳೋ ಚಿಕಿತ್ಸೆ ಅಲ್ಲ.

ಡಾಕ್ಟ್ರಿಗೆ ನೋವಾಯಿತು. "ನನ್ನ ಮ್ಯಾಲೆ ನಂಬಿಕಿ ಇಲ್ಲೇನವಾ ನಿಂಗ?" ಅಂದರು.

"ನಂಬಿಕಿ ಅದ ರೀ ಡಾಕ್ಟ್ರ. ಆದ್ರ ಈ ರೊಕ್ಕ ನಮ್ಮದಲ್ಲ" ಅಂದೆ.

ವೋಟಿಗೆ ಹಾಕಿದ್ವಿ. ಒಬ್ಬ ಸಿಎ ಇದ್ದಾರೆ, ಅವರೂ ನಾನೂ ಬೇಡ ಅಂದ್ವಿ. ಡಾಕ್ಟ್ರೂ ಇನ್ನೊಬ್ಬರೂ ಬೇಕು ಅಂದರು. ಎರಡಕ್ಕೆ ಎರಡು. ನಮ್ಮ ನಿಯಮದ ಪ್ರಕಾರ ಸಮ ಆದಾಗ ಚೇರ್ಮನ್ನರಿಗೆ ಇನ್ನೊಂದು ವೋಟಿದೆ. ಡಾಕ್ಟ್ರೇ ಚೇರ್ಮನ್. ಅವರು ಆ ವೋಟು ಹಾಕಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ರೊಕ್ಕ ಕೊಟ್ಟವರನ್ನ ಕೇಳ್ರಿ, ಅವರು ಹೂಂ ಅಂದ್ರ ಮಾಡೂಣು" ಅಂದು ಕಾಲ್ ಕಟ್ ಮಾಡಿದರು. ಆ ಕಂಪನಿಗೆ ಬರೆದ್ವಿ. ಒಂಬತ್ತು ದಿನಕ್ಕೆ ಉತ್ತರ ಬಂತು: ಈ ದುಡ್ಡು ಡಯಾಲಿಸಿಸ್‌ಗೆ ಮಾತ್ರ. ಅಷ್ಟರಲ್ಲಿ ಜಾಗ ಹೋಗಿತ್ತು. ಅಲ್ಲೀಗ ಮೊಬೈಲ್ ಅಂಗಡಿ ಇದೆ.

ಇನ್ನೊಬ್ಬ ದಾನಿಯ 6 ಲಕ್ಷ ಬಂತಾ ಅಂದ್ರೆ, ಬಂತು. ಹೇಳಿದ ಹಾಗೇ ದೀಪಾವಳಿಗೆ ನಾಲ್ಕು ದಿನ ಮುಂಚೆ ಬಂತು. ಅಂದ್ರೆ ಡಾಕ್ಟ್ರು ಹೇಳಿದ ಹಾಗೆ ಮಾಡಿದ್ದರೆ ಏನೂ ಆಗ್ತಿರಲಿಲ್ಲ. ಕ್ಲಿನಿಕ್ ಆಗಿರ್ತಿತ್ತು. ಮುಂದಿನ ಮೀಟಿಂಗಿನಲ್ಲಿ ಅವರು ಅದನ್ನೇ ಹೇಳಿದರು: "ನೋಡವಾ, ರೊಕ್ಕ ಬಂತಲ್ಲ." ನಾನು, "ಬಂತ್ರಿ. ಬರಲಿಲ್ಲಂದ್ರ ಆ ಎಂಟು ಮಂದಿಗೆ ಏನ್ ಹೇಳ್ತಿದ್ವಿ?" ಅಂದೆ. ಅವರು ಉತ್ತರ ಕೊಡಲಿಲ್ಲ. ಕ್ಯಾಂಪಿನ ಹೆಣ್ಣುಮಕ್ಕಳು ಇವತ್ತಿಗೂ ಎರಡು ಬಸ್ ಬದಲಿಸಿ ನಮ್ಮ ಹಳೇ ಕ್ಲಿನಿಕ್ಕಿಗೆ ಬರ್ತಾರೆ. ಆ ಬೆಲೆ ನಾವು ತೆತ್ತಿದ್ದೀವಿ, ಅದನ್ನು ಮುಚ್ಚಿಡೋಕೆ ಹೋಗಲ್ಲ.

ಆದರೂ ಬೇಡ ಅಂದದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಟೆಸ್ಟ್ ಮಾಡದೇ ಕೋಡ್ ಪ್ರಾಡಕ್ಷನ್ನಿಗೆ ಹಾಕಿ, ಅದು ಮುರೀಲಿಲ್ಲ ಅಂದಮಾತ್ರಕ್ಕೆ ಟೆಸ್ಟ್ ಬೇಡ ಅಂತಾಗಲ್ಲ. ನಿರ್ಧಾರವನ್ನು ಅಳೀಬೇಕಾದದ್ದು ಆ ದಿನ ನಮ್ಮ ಕೈಯಲ್ಲಿ ಏನು ಗೊತ್ತಿತ್ತು ಅನ್ನೋದರಿಂದ. ಆ ದಿನ ಗೊತ್ತಿದ್ದದ್ದು ಒಂದು ಬಾಯಿಮಾತು, ಮತ್ತೆ ಎಂಟು ಜನರ ವಾರದ ಎರಡು ದಿನ. ಪಿಟ್ಸ್‌ಬರ್ಗಿನಲ್ಲಿ ಕೋಟಿಗಳ ಲೆಕ್ಕ, ನಮ್ಮಲ್ಲಿ ಲಕ್ಷದ ಲೆಕ್ಕ. ಕೇಳಬೇಕಾದ ಪ್ರಶ್ನೆ ಮಾತ್ರ ಅದೇ: ಈ ದುಡ್ಡು ಯಾವುದಕ್ಕೆ ಅಂತ ಬಂದಿದ್ದು?

ಅದಾದಮೇಲೆ ಎರಡು ನಿಯಮ ಮಾಡಿಕೊಂಡ್ವಿ. ನಿರ್ದಿಷ್ಟ ಕೆಲಸಕ್ಕೆ ಬಂದ ದುಡ್ಡು ಬೇರೆ ಬ್ಯಾಂಕ್ ಖಾತೆಯಲ್ಲಿ ಇರಬೇಕು, ಕೊಟ್ಟವರ ಲಿಖಿತ ಒಪ್ಪಿಗೆ ಇಲ್ಲದೆ ಮುಟ್ಟೋ ಹಾಗಿಲ್ಲ. ಎರಡನೆಯದು, ಮೂರು ತಿಂಗಳ ಖರ್ಚು ಯಾವಾಗಲೂ ಮೀಸಲು. ಎರಡನೆಯದನ್ನು ಬರೆಸಿದವರು ಡಾಕ್ಟ್ರೇ.

ಕಾನೂನು ನಿಮ್ಮನ್ನ ಏನಂತ ನೋಡುತ್ತೆ

ಈಗ "ಬರೇ ಒಂದು ಸಹಿ" ವಿಷಯಕ್ಕೆ ಬರೋಣ. ಸೆಕ್ಷನ್ 8 ಕಂಪನಿ ಅಂತಲೇ ಇಟ್ಕೊಂಡು ಹೇಳ್ತೀನಿ, ಯಾಕಂದ್ರೆ ಹೊಸದಾಗಿ ಮಾಡೋರಲ್ಲಿ ಬಹಳ ಜನ ಅದನ್ನೇ ಮಾಡ್ತಾರೆ.

ಕಂಪನಿ ಕಾಯ್ದೆಯ 166ನೇ ಸೆಕ್ಷನ್ ಡೈರೆಕ್ಟರನ ಕರ್ತವ್ಯ ಹೇಳುತ್ತೆ. ಪ್ರಾಮಾಣಿಕವಾಗಿ ಸಂಸ್ಥೆಯ ಉದ್ದೇಶಕ್ಕೆ ದುಡೀಬೇಕು, ಸಾಕಷ್ಟು ಕಾಳಜಿಯಿಂದ ಸ್ವಂತ ಬುದ್ಧಿಯಿಂದ ತೀರ್ಮಾನ ಮಾಡಬೇಕು, ಸ್ವಂತ ಹಿತಕ್ಕೂ ಸಂಸ್ಥೆಯ ಹಿತಕ್ಕೂ ತಿಕ್ಕಾಟ ಬರೋ ಕಡೆ ಇರಬಾರದು. ಕುರ್ಚಿಯನ್ನು ಬೇರೆಯವರಿಗೆ ವಹಿಸಿಕೊಡೋ ಹಾಗೂ ಇಲ್ಲ. 'ಸುಮ್ಮನೆ ಹೆಸರಿಗೆ ಡೈರೆಕ್ಟರ್' ಅನ್ನೋ ಜಾತಿ ಈ ಕಾಯ್ದೆಯಲ್ಲಿಲ್ಲ.

ದಿನದ ಆಡಳಿತ ನೋಡದ ಡೈರೆಕ್ಟರಿಗೆ ಒಂದು ರಕ್ಷಣೆ ಇದೆ. ಬೋರ್ಡಿನ ಮುಂದೆ ಬಂದು ಗೊತ್ತಿದ್ದ, ಒಪ್ಪಿದ, ಇಲ್ಲಾ ಎಚ್ಚರ ತಪ್ಪಿದ ವಿಷಯಕ್ಕೆ ಮಾತ್ರ ಅವರು ಹೊಣೆ. ಕೊನೆಯದನ್ನು ಗಮನಿಸಿ. 'ನಾನು ಮೇಲ್ ಓದಿರಲಿಲ್ಲ' ಅನ್ನೋದು ಆ ರಕ್ಷಣೆಯ ಒಳಗೆ ಬರಲ್ಲ.

ಸೆಕ್ಷನ್ 8 ಕಂಪನಿಗೆ ಆರು ತಿಂಗಳಿಗೊಂದು ಬೋರ್ಡ್ ಮೀಟಿಂಗ್ ಸಾಕು. ವಿಡಿಯೋದಲ್ಲಿ ಸೇರಬಹುದು, ಹಾಗಾಗಿ ಊರು ದೂರ ಅನ್ನೋ ನೆಪ ನಡೆಯಲ್ಲ. ಹನ್ನೆರಡು ತಿಂಗಳಲ್ಲಿ ಒಂದಕ್ಕೂ ಹೋಗದಿದ್ದರೆ, ರಜೆ ಕೇಳಿದ್ದರೂ ಕೇಳದಿದ್ದರೂ, ಕುರ್ಚಿ ತಾನಾಗೇ ಖಾಲಿ. ಮೀಟಿಂಗ್ ಆದಮೇಲೆ ಮಿನಿಟ್ಸ್ ಬರೆದಿಡಬೇಕು.

ಮತ್ತೆ ನಮ್ಮ ಐಟಿ ಜನಕ್ಕೆ ನಿಜವಾಗಿ ಏಟು ಬೀಳೋ ಜಾಗ: ಕಂಪನಿ ಸತತ ಮೂರು ವರ್ಷ ಲೆಕ್ಕಪತ್ರವನ್ನೋ ವಾರ್ಷಿಕ ರಿಟರ್ನನ್ನೋ ಸಲ್ಲಿಸದಿದ್ದರೆ ಅದರ ಡೈರೆಕ್ಟರುಗಳು ಐದು ವರ್ಷ ಅನರ್ಹರು. ಆ ಕಂಪನಿಯಲ್ಲಷ್ಟೇ ಅಲ್ಲ, ಬೇರೆ ಯಾವ ಕಂಪನಿಗೂ ನೇಮಕ ಆಗೋ ಹಾಗಿಲ್ಲ. 2017ರಲ್ಲಿ ಕೇಂದ್ರ ಸರ್ಕಾರ ಹೀಗೆ 3 ಲಕ್ಷಕ್ಕೂ ಹೆಚ್ಚು ಡೈರೆಕ್ಟರುಗಳನ್ನು ಅನರ್ಹರ ಪಟ್ಟಿಗೆ ಹಾಕಿತು. ನಾಳೆ ನೀವು ಸ್ವಂತ ಸ್ಟಾರ್ಟಪ್ ಮಾಡೋಕೆ ಹೊರಟರೆ, ಎಂದೋ ಯಾರಿಗೋ ಹಾಕಿಕೊಟ್ಟ ಸಹಿ ಅಡ್ಡ ನಿಂತಿರುತ್ತೆ. ರಾಜೀನಾಮೆ ಕೊಟ್ಟರೂ, ನೀವು ಇದ್ದ ಕಾಲದ ತಪ್ಪಿಗೆ ನಿಮ್ಮ ಹೊಣೆ ಉಳಿಯುತ್ತೆ.

ಇನ್ನೊಂದು, ವಿದೇಶದ ದುಡ್ಡು. ಅಮೆರಿಕದಲ್ಲಿರೋ ಗೆಳೆಯ ಭಾರತದ ಪಾಸ್‌ಪೋರ್ಟ್ ಇಟ್ಕೊಂಡು ಸ್ವಂತ ಉಳಿತಾಯದಿಂದ ಕೊಟ್ಟರೆ ತೊಂದರೆ ಇಲ್ಲ. ಅವನೇ ಅಲ್ಲಿಯ ಪೌರತ್ವ ತಗೊಂಡಿದ್ದರೆ ಅದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ ನೋಂದಣಿ ಇಲ್ಲದೆ ತಗೊಳ್ಳೋ ಹಾಗಿಲ್ಲ. ನೋಂದಣಿ ಇದ್ದರೂ ಅದು ಮೊದಲು ಬರಬೇಕಾದದ್ದು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೆ. ಫ್ಯಾಮಿಲಿ ಗ್ರೂಪಿನಲ್ಲಿ ಕ್ಯೂಆರ್ ಕೋಡ್ ಹಾಕಿ 'ಎಲ್ಲರೂ ಕೊಡಿ' ಅನ್ನೋ ಮುಂಚೆ ಇದನ್ನು ಯೋಚನೆ ಮಾಡಿ.

ದೊಡ್ಡ ಆಸ್ಪತ್ರೆಗಳ ಟ್ರಸ್ಟಿಗಳು

ಬೋರ್ಡ್ ಅನ್ನೋದು ಬರೀ ಬ್ರೇಕ್ ಅಂತ ತಿಳ್ಕೋಬೇಡಿ. ಸಂಸ್ಥೆ ಯಾರಿಗಾಗಿ ಅನ್ನೋದನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಎಷ್ಟು ದೂರ ಹೋಗಬಹುದು ಅನ್ನೋದಕ್ಕೆ ಮಧುರೈನ ಅರವಿಂದ್ ಕಣ್ಣಾಸ್ಪತ್ರೆ ಇದೆ. ಡಾ. ಜಿ. ವೆಂಕಟಸ್ವಾಮಿಯವರು ಸರ್ಕಾರಿ ಕೆಲಸದಿಂದ 58ಕ್ಕೆ ನಿವೃತ್ತರಾಗಿ, 1976ರಲ್ಲಿ 11 ಹಾಸಿಗೆಯಿಂದ ಶುರು ಮಾಡಿದರು. ಗೋವೆಲ್ ಟ್ರಸ್ಟ್ ಅದರ ಹಿಂದಿದ್ದದ್ದು. ಜೊತೆಗೆ ನಿಂತವರು ಒಡಹುಟ್ಟಿದವರು, ಅವರ ಮನೆಯವರು. ಅಂದ್ರೆ ಒಂದೇ ಕುಟುಂಬದವರು ಇದ್ದಮಾತ್ರಕ್ಕೆ ಬೋರ್ಡ್ ಕೆಡುತ್ತೆ ಅಂತೇನಿಲ್ಲ. ದುಡ್ಡು ಕೊಡೋ ರೋಗಿಗಳಿಂದ ಬಂದದ್ದರಲ್ಲಿ ಬಡವರ ಆಪರೇಷನ್ ನಡೀಬೇಕು ಅನ್ನೋ ಲೆಕ್ಕವನ್ನು ಅವರು ಬಿಡಲಿಲ್ಲ. ವಿದೇಶದ ಲೆನ್ಸ್ ದುಬಾರಿ ಆದಾಗ 1992ರಲ್ಲಿ ಔರೋಲ್ಯಾಬ್ ಅಂತ ತಾವೇ ತಯಾರಿಕೆಗೆ ಇಳಿದರು. ವಿಸ್ತರಣೆ ಪಿಟ್ಸ್‌ಬರ್ಗಿನಲ್ಲೂ ಆಯಿತು, ಮಧುರೈನಲ್ಲೂ ಆಯಿತು. ಒಂದು ಸಾಲದ ಮೇಲೆ ಹೊರಗಿನದನ್ನು ಕೊಂಡು ಬೆಳೆಯಿತು. ಇನ್ನೊಂದು ಕೈಯಲ್ಲಿದ್ದ ಕೆಲಸದಿಂದಲೇ ಉಳಿಸಿ ಬೆಳೆಯಿತು.

ಪುಣೆ, ಮುಂಬೈಯವರಿಗೆ ಇನ್ನೊಂದು ವಿಷಯ. ಇಲ್ಲಿಯ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿ ಬಹಳಷ್ಟು ನೋಂದಾಯಿತ ಟ್ರಸ್ಟುಗಳು. ಪಬ್ಲಿಕ್ ಟ್ರಸ್ಟ್ಸ್ ಕಾಯ್ದೆಯ 41ಎಎ ಸೆಕ್ಷನ್ ಮತ್ತು ಬಾಂಬೆ ಹೈಕೋರ್ಟಿನ ಯೋಜನೆಯ ಪ್ರಕಾರ ಇಂಥ ಚ್ಯಾರಿಟಬಲ್ ಆಸ್ಪತ್ರೆಗಳು 10 ಪರ್ಸೆಂಟ್ ಹಾಸಿಗೆಯನ್ನು ಕಡುಬಡವರಿಗೆ ಉಚಿತವಾಗಿ, ಇನ್ನೊಂದು 10 ಪರ್ಸೆಂಟ್ ದುರ್ಬಲ ವರ್ಗದವರಿಗೆ ರಿಯಾಯಿತಿಯಲ್ಲಿ ಇಡಬೇಕು. ಬಿಲ್ಲಿನ ಒಟ್ಟು ಮೊತ್ತದ 2 ಪರ್ಸೆಂಟ್ ಬಡ ರೋಗಿಗಳ ನಿಧಿಗೆ ಹಾಕಬೇಕು. ಆ ನಿಧಿ ಸರಿಯಾಗಿ ಖರ್ಚಾಯಿತಾ ಅಂತ ನೋಡೋದು ಟ್ರಸ್ಟಿಗಳ ಕೆಲಸ. ದೆಹಲಿಯಲ್ಲೂ ಸರ್ಕಾರದಿಂದ ಕಡಿಮೆ ಬೆಲೆಗೆ ಜಮೀನು ಪಡೆದ ಖಾಸಗಿ ಆಸ್ಪತ್ರೆಗಳು ಬಡವರಿಗೆ ಒಳರೋಗಿಗಳಲ್ಲಿ 10, ಹೊರರೋಗಿಗಳಲ್ಲಿ 25 ಪರ್ಸೆಂಟ್ ಉಚಿತ ಚಿಕಿತ್ಸೆ ಕೊಡಬೇಕು.

ನಿಮ್ಮ ಮನೆ ಕೆಲಸದವರಿಗೋ, ಸೊಸೈಟಿ ವಾಚ್‌ಮನ್‌ಗೋ ದೊಡ್ಡ ಕಾಯಿಲೆ ಬಂದಾಗ ನಾವು ಮೊದಲು ಮಾಡೋದು ಗ್ರೂಪಿನಲ್ಲಿ ದುಡ್ಡು ಎತ್ತೋದು. ಅದರ ಜೊತೆಗೆ, ಅವರ ರೇಷನ್ ಕಾರ್ಡ್, ಆದಾಯದ ಸರ್ಟಿಫಿಕೇಟ್ ತಗೊಂಡು ಆಸ್ಪತ್ರೆಯ ಸೋಶಿಯಲ್ ವರ್ಕರನ್ನ ಕೇಳಿ: ಇಲ್ಲಿ ಬಡ ರೋಗಿಗಳ ನಿಧಿಯಲ್ಲಿ ಇವತ್ತು ಹಾಸಿಗೆ ಇದೆಯಾ? ಇದು ಭಿಕ್ಷೆ ಅಲ್ಲ, ಯೋಜನೆಯಲ್ಲಿ ಬರೆದಿರೋ ಹಕ್ಕು. ಮರಾಠಿ ಬರದ ನಮ್ಮೂರಿನವರ ಪರವಾಗಿ ಕೌಂಟರಿನಲ್ಲಿ ನಿಂತು ಈ ಒಂದು ಮಾತು ಕೇಳೋದೂ ದೊಡ್ಡ ಸಹಾಯ.

ಸಹಿ ಹಾಕೋ ಮುಂಚೆ

ಇಷ್ಟೆಲ್ಲ ಕೇಳಿ, ಹಾಗಾದ್ರೆ ಇದರ ಸಹವಾಸವೇ ಬೇಡ ಅಂತ ನೀವು ಎದ್ದು ಹೋದರೆ ನನ್ನ ಮಾತು ದಂಡ. ಊರಿನ ಡಾಕ್ಟರುಗಳಿಗೆ ರೋಗಿ ಗೊತ್ತು, ಕಾಯಿಲೆ ಗೊತ್ತು. ಲೆಕ್ಕ, ಪ್ರೋಸೆಸ್ಸು, ರಿಸ್ಕು ನಮಗೆ ಗೊತ್ತು. ಇಬ್ಬರೂ ಬೇಕು. ಆದರೆ ಹೂಂ ಅನ್ನೋ ಮುಂಚೆ ಐದು ಕೆಲಸ ಮಾಡಿ.

ಒಂದು, ಕಳೆದ ಎರಡು ವರ್ಷದ ಆಡಿಟ್ ವರದಿ, ಕಳೆದ ಎರಡು ಮೀಟಿಂಗಿನ ಮಿನಿಟ್ಸ್ ಕೇಳಿ. ಹೊಸ ಸಂಸ್ಥೆ ಆದರೆ ಯಾರು ಲೆಕ್ಕ ಬರೀತಾರೆ, ಯಾರು ರಿಟರ್ನ್ ಹಾಕ್ತಾರೆ, ಅದರ ಫೀಸು ಯಾರು ಕೊಡ್ತಾರೆ ಅಂತ ಕೇಳಿ.

ಎರಡು, ಬ್ಯಾಂಕ್ ಖಾತೆಗೆ ಯಾರ ಸಹಿ? ಒಬ್ಬರೇ ಆದರೆ ಇಬ್ಬರದು ಮಾಡಿಸಿ. ನಿಮ್ಮ ಡಿಜಿಟಲ್ ಸಹಿಯ ಟೋಕನ್ ನಿಮ್ಮ ಹತ್ತಿರವೇ ಇರಲಿ. ಅದನ್ನು ಕೊಟ್ಟುಬಿಡೋದು ಅಂದ್ರೆ ರೂಟ್ ಪಾಸ್‌ವರ್ಡನ್ನು ಸ್ಟಿಕ್ಕಿ ನೋಟಿನಲ್ಲಿ ಬರೆದು ಅಂಟಿಸಿದ ಹಾಗೆ.

ಮೂರು, ಯಾವ ದುಡ್ಡು ಯಾವುದಕ್ಕೆ ಅಂತ ಬಂದಿದೆ ಅನ್ನೋ ಪಟ್ಟಿ ಪ್ರತಿ ಮೀಟಿಂಗಿನಲ್ಲಿ ಮೊದಲು ಬರಲಿ. ಎರಡು ಕಾಲಮ್ ಸಾಕು: ಎಷ್ಟು ಬಂತು, ಎಷ್ಟು ಉಳಿದಿದೆ.

ನಾಲ್ಕು, ಯಾರ ನೆಂಟರಿಗೆ, ಯಾರ ಲ್ಯಾಬಿಗೆ, ಯಾರ ಮೆಡಿಕಲ್ ಶಾಪಿಗೆ ದುಡ್ಡು ಹೋಗ್ತಿದೆ ಅಂತ ಬರೆಸಿ. ಹೋಗಲೇಬಾರದು ಅಂತಲ್ಲ, ಎಲ್ಲರಿಗೂ ಗೊತ್ತಿರಬೇಕು ಅಂತ. ಹಾಗೇ ನಿಮ್ಮ ಸ್ವಂತ ಕಂಪನಿಯ ಎಚ್‌ಆರ್‌ಗೂ ತಿಳಿಸಿ. ಹೊರಗೆ ಡೈರೆಕ್ಟರ್ ಆಗೋಕೆ ಬಹಳಷ್ಟು ಐಟಿ ಕಂಪನಿಗಳಲ್ಲಿ ಮೊದಲೇ ಅನುಮತಿ ಬೇಕು. ನಿಮ್ಮ ಕಂಪನಿಯ ಸಿಎಸ್‌ಆರ್ ದುಡ್ಡು ಆ ಫೌಂಡೇಶನ್ನಿಗೆ ಬರೋದಾದರೆ ಆ ತೀರ್ಮಾನದಿಂದ ನೀವು ಎರಡೂ ಕಡೆ ದೂರ ಇರಿ.

ಐದು, ಭಿನ್ನಾಭಿಪ್ರಾಯ ಇದ್ದರೆ ಮಿನಿಟ್ಸ್‌ನಲ್ಲಿ ಬರೆಸಿ. ಜಗಳ ಆಡಬೇಕಾಗಿಲ್ಲ. 'ಇವರು ಒಪ್ಪಲಿಲ್ಲ, ಕಾರಣ ಇದು' ಅಂತ ಒಂದು ಸಾಲು ಸಾಕು. ನಮ್ಮಲ್ಲಿ ಹಿರಿಯರ ಎದುರು ಬೇಡ ಅನ್ನೋದು ಅಗೌರವ ಅನ್ನಿಸುತ್ತೆ. ನಮ್ಮ ಡಾಕ್ಟ್ರಿಗೆ ಇವತ್ತಿಗೂ ನಾನು ಕಾಲು ಮುಟ್ಟಿ ನಮಸ್ಕಾರ ಮಾಡ್ತೀನಿ. ಅದು ಬೇರೆ, ಲೆಕ್ಕ ಕೇಳೋದು ಬೇರೆ.

ಈ ಐದು ಕೇಳಿದಾಗ ಎದುರಿನವರು ಬೇಜಾರು ಮಾಡ್ಕೊಂಡು ಬೇರೆಯವರನ್ನ ಹುಡುಕಿದರೆ ಒಳ್ಳೇದೇ ಆಯಿತು ಅಂದ್ಕೊಳ್ಳಿ. ಖುಷಿಯಾಗಿ ಕಾಗದ ತಂದಿಟ್ಟರೆ ಧೈರ್ಯವಾಗಿ ಹೂಂ ಅನ್ನಿ, ಅಂಥವರ ಜೊತೆ ಕೆಲಸ ಮಾಡೋದು ನಿಜಕ್ಕೂ ಸಂತೋಷ. ಈಗಾಗಲೇ ಎಲ್ಲಾದರೂ ಡೈರೆಕ್ಟರೋ ಟ್ರಸ್ಟಿಯೋ ಆಗಿರೋರು ಈ ವಾರ ಒಂದು ಕೆಲಸ ಮಾಡಿ: ಕೊನೆಯ ಮೀಟಿಂಗಿನ ಮಿನಿಟ್ಸ್ ಕಳಿಸಿ ಅಂತ ಒಂದು ಮೇಲ್ ಹಾಕಿ. ಬರೋ ಉತ್ತರದಲ್ಲೇ ಬಹಳಷ್ಟು ಗೊತ್ತಾಗುತ್ತೆ.

ಈಗ ಪ್ರಶ್ನೆ ಇದ್ದವರು ಕೇಳಿ.